ಸರ್ವರುಗಳ ಅವಿಭಕ್ತ ಕುಟುಂಬ

'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತನ್ನು ಒಮ್ಮೆಯಾದರೂ ಕೇಳದವರು ಇಂದು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಪಡಿತರ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಬ್ಯಾಂಕಿನಲ್ಲಿ ಇದೇ ಮಾತು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನವಂತೂ ಲಕ್ಷಾಂತರ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲು ತಟ್ಟುತ್ತಾರೆ. ಬಾಗಿಲು ತೆರೆಯದಿದ್ದರೆ ಬೈಗುಳವೆಲ್ಲ ಕಣ್ಣಿಗೆ ಕಾಣದ ಸರ್ವರಿಗೆ. ಆದರೆ ಆ ಸರ್ವರ್ ಎಂಬುದು ಹೇಗಿರುತ್ತದೆ, ಎಲ್ಲಿ ಕೂತಿರುತ್ತದೆ, ಏಕೆ ಕೆಡುತ್ತದೆ, ಕೆಡದಂತೆ ನೋಡಿಕೊಳ್ಳುವವರು ಯಾರು ಎಂದು ವಿಚಾರಿಸುವವರು ಕಡಿಮೆ. ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳಲ್ಲೂ ಅನೇಕರು ಪ್ರೋಗ್ರಾಮು ಬರೆಯುವುದನ್ನು ಕಲಿಯುತ್ತಾರೆಯೇ ಹೊರತು, ಆ ಪ್ರೋಗ್ರಾಮು ಓಡುವ ಯಂತ್ರದ ಮುಖವನ್ನೇ ನೋಡಿರುವುದಿಲ್ಲ.

ಹೋಟೆಲಿನಲ್ಲಿ ಕೂತವರು ಕೇಳಿದ್ದನ್ನು ತಂದುಕೊಡುವವನನ್ನು ಸರ್ವರ್ ಎನ್ನುತ್ತೇವಷ್ಟೆ. ಕಂಪ್ಯೂಟರ್ ಸರ್ವರಿನ ಕೆಲಸವೂ ಅದೇ. ಬೇರೆ ಬೇರೆ ಕಡೆ ಕೂತ ಸಾವಿರಾರು ಜನ ಕೇಳಿದ ಮಾಹಿತಿಯನ್ನು ಹುಡುಕಿ ತಂದು ಬಡಿಸುವುದು. ಒಳಗಿರುವ ಭಾಗಗಳು ಮನೆಯ ಕಂಪ್ಯೂಟರಿನವೇ: ಪ್ರೊಸೆಸರ್, ಮೆಮೊರಿ, ಡಿಸ್ಕು, ಪವರ್ ಸಪ್ಲೈ, ಫ್ಯಾನು, ನೆಟ್‌ವರ್ಕ್ ಕಾರ್ಡು. ಆದರೆ ಇದಕ್ಕೆ ಪರದೆ, ಕೀಲಿಮಣೆ ಇರುವುದಿಲ್ಲ. ಹಗಲು ರಾತ್ರಿ, ವರ್ಷದ 365 ದಿನವೂ ವಿಶ್ರಾಂತಿಯಿಲ್ಲದೆ ದುಡಿಯಬೇಕು.

ಮೊದಮೊದಲು ಸರ್ವರುಗಳು ಮನೆಯ ಕಂಪ್ಯೂಟರಿನಂತೆಯೇ ನೆಟ್ಟಗೆ ನಿಲ್ಲುವ ಡಬ್ಬಗಳಾಗಿದ್ದವು. ಇಂಥ ಡಬ್ಬಗಳು ಹೆಚ್ಚಿದಂತೆ ಕೋಣೆಯಲ್ಲಿ ಜಾಗ ಸಾಲದಾಯಿತು. ಆಗ ಅವನ್ನು ಚಪ್ಪಟೆ ಮಾಡಿ, ಬೀರುವಿನ ಖಾನೆಗಳಂತೆ ಒಂದರ ಮೇಲೊಂದು ಜೋಡಿಸುವ 'ರ‍್ಯಾಕ್' ಪದ್ಧತಿ ರೂಢಿಗೆ ಬಂತು. ಈ ಬೀರುವಿನ ಅಗಲ 19 ಅಂಗುಲ. ಎತ್ತರವನ್ನು ಅಳೆಯುವ ಮಾನ 'ಯು'. ಒಂದು ಯು ಎಂದರೆ 1.75 ಅಂಗುಲ. ಸಾಮಾನ್ಯ ರ‍್ಯಾಕಿನ ಎತ್ತರ 42 ಯು. ಅಂದರೆ ಒಂದು ಯು ದಪ್ಪದ ಸರ್ವರುಗಳಾದರೆ 42 ಹಿಡಿಸುತ್ತವೆ.

ಜಾಗದ ಸಮಸ್ಯೆ ಮುಗಿಯಿತೆನ್ನುವಷ್ಟರಲ್ಲಿ ರ‍್ಯಾಕಿನ ಬೆನ್ನಿಗೆ ಹೋಗಿ ನೋಡಿದವರಿಗೆ ಇನ್ನೊಂದು ಸಮಸ್ಯೆ ಕಂಡಿತು. ಪ್ರತಿಯೊಂದು ಸರ್ವರಿಗೂ ಎರಡು ವಿದ್ಯುತ್ ತಂತಿ, ಎರಡು ನೆಟ್‌ವರ್ಕ್ ತಂತಿ, ನಿರ್ವಹಣೆಗೆಂದು ಇನ್ನೊಂದು. ಹೀಗೆ ಐದೆಂದು ಹಿಡಿದರೂ 42 ಸರ್ವರಿಗೆ 210 ತಂತಿಗಳು! ಶ್ಯಾವಿಗೆ ಒತ್ತಿಟ್ಟಂತೆ ಕಾಣುವ ಆ ಗೋಜಲಿನಲ್ಲಿ ತಪ್ಪು ತಂತಿ ಎಳೆದರೆ ಮುಗಿಯಿತು, ಎಲ್ಲೋ ಯಾರದೋ ಕೆಲಸ ನಿಂತಿತು. ಸಾಲದ್ದಕ್ಕೆ ಪ್ರತಿ ಡಬ್ಬದೊಳಗೂ ಪ್ರತ್ಯೇಕ ಪವರ್ ಸಪ್ಲೈ, ಪ್ರತ್ಯೇಕ ಪುಟ್ಟ ಫ್ಯಾನುಗಳು. ಒಂದೇ ಮನೆಯಲ್ಲಿದ್ದೂ 42 ಜನ 42 ಒಲೆ ಹೂಡಿದಂತೆ.

'ಒಲೆಯನ್ನು ಒಂದು ಮಾಡಿದರೆ ಹೇಗೆ?' ಎಂಬ ಯೋಚನೆಯಿಂದ ಹುಟ್ಟಿದ್ದೇ ಬ್ಲೇಡ್ ಸರ್ವರ್.

ಹುಟ್ಟಿದ್ದು ಟೆಕ್ಸಾಸಿನಲ್ಲಿ

ಅಮೆರಿಕದ ಟೆಕ್ಸಾಸಿನಲ್ಲಿದ್ದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ 2001ರಲ್ಲಿ 'ಸಿಸ್ಟಮ್ 324' ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಹೆಸರಿನಲ್ಲೇ ಅದರ ಗುಟ್ಟಿತ್ತು. 3 ಯು ಎತ್ತರದ ಒಂದು ಪೆಟ್ಟಿಗೆಯಲ್ಲಿ 24 ಸರ್ವರುಗಳು. ಪುಸ್ತಕಗಳನ್ನು ಕಪಾಟಿನಲ್ಲಿ ನಿಲ್ಲಿಸಿದಂತೆ ಒಂದರ ಪಕ್ಕ ಒಂದು ನಿಂತ ತೆಳ್ಳನೆಯ ಹಲಗೆಗಳು. ಅಲಗಿನಂತೆ ತೆಳ್ಳಗಿದ್ದುದರಿಂದ 'ಬ್ಲೇಡ್' ಎಂಬ ಹೆಸರು ಅಂಟಿಕೊಂಡಿತು. ಒಂದು ರ‍್ಯಾಕಿಗೆ ಇಂಥ 14 ಪೆಟ್ಟಿಗೆ, ಅಂದರೆ 336 ಸರ್ವರು. 42 ಎಲ್ಲಿ, 336 ಎಲ್ಲಿ!

ಅಷ್ಟು ಒತ್ತೊತ್ತಾಗಿ ತುಂಬಿದರೆ ಬಿಸಿಯಾಗುವುದಿಲ್ಲವೆ? ಅದಕ್ಕೆಂದೇ ಆರ್‌ಎಲ್‌ಎಕ್ಸ್‌ನವರು ವೇಗದಲ್ಲಿ ಸ್ವಲ್ಪ ಹಿಂದಾದರೂ ಚಿಂತೆಯಿಲ್ಲವೆಂದು ಟ್ರಾನ್ಸ್‌ಮೆಟಾ ಕಂಪನಿಯ 'ಕ್ರೂಸೋ' ಎಂಬ ಮಿತಾಹಾರಿ ಪ್ರೊಸೆಸರನ್ನು ಆರಿಸಿಕೊಂಡಿದ್ದರು. ಅದು ಮೂಲತಃ ಮಡಿಲ ಮೇಲಿಡುವ ಲ್ಯಾಪ್‌ಟಾಪುಗಳಿಗಾಗಿ ಮಾಡಿದ್ದು.

ಈ ಆಯ್ಕೆಯ ಸೊಗಸನ್ನು ತೋರಿಸಿಕೊಟ್ಟವರು ನ್ಯೂಮೆಕ್ಸಿಕೋದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ವೂ-ಚುನ್ ಫೆಂಗ್ ಮತ್ತು ಅವರ ಸಂಗಡಿಗರು. 2002ರಲ್ಲಿ ಅವರು ಇಂಥ 240 ಬ್ಲೇಡುಗಳನ್ನು ಸೇರಿಸಿ 'ಗ್ರೀನ್ ಡೆಸ್ಟಿನಿ' ಎಂಬ ಯಂತ್ರ ಕಟ್ಟಿದರು. ಅದಕ್ಕೆ ಸುಮಾರು ಆರು ಚದರ ಅಡಿ ಜಾಗ ಸಾಕಾಯಿತು. ವಿದ್ಯುತ್ತು ಸುಮಾರು 3.2 ಕಿಲೋವಾಟ್, ಅಂದರೆ ಒಂದೆರಡು ಗೀಸರುಗಳಷ್ಟು. ಅದನ್ನು ಇಟ್ಟಿದ್ದು ಎ.ಸಿ. ಕೋಣೆಯಲ್ಲಲ್ಲ, ಧೂಳು ತುಂಬಿದ ಉಗ್ರಾಣದಲ್ಲಿ. ಅದೂ ಸಮುದ್ರಮಟ್ಟದಿಂದ 7,000 ಅಡಿಗೂ ಮೇಲೆ, ಗಾಳಿ ತೆಳುವಾದ್ದರಿಂದ ಯಂತ್ರ ತಣಿಯುವುದು ಇನ್ನೂ ಕಷ್ಟವಾದ ಜಾಗದಲ್ಲಿ. ಆದರೂ ಅದು ದೂರಿಲ್ಲದೆ ದುಡಿಯಿತು. 'ಎಷ್ಟು ವೇಗ' ಎನ್ನುವುದರ ಜೊತೆಗೆ 'ಎಷ್ಟು ವಿದ್ಯುತ್ತಿಗೆ ಎಷ್ಟು ಕೆಲಸ' ಎಂದೂ ಕೇಳಬೇಕೆಂಬ ಪಾಠವನ್ನು ಅದು ಕಲಿಸಿತು. 2007ರಲ್ಲಿ ಫೆಂಗ್ ಮತ್ತು ಕರ್ಕ್ ಕ್ಯಾಮರನ್ ಆರಂಭಿಸಿದ 'ಗ್ರೀನ್500' ಪಟ್ಟಿ ಸೂಪರ್ ಕಂಪ್ಯೂಟರುಗಳನ್ನು ಇದೇ ಅಳತೆಗೋಲಿನಿಂದ ತೂಗುತ್ತದೆ.

ಆರ್‌ಎಲ್‌ಎಕ್ಸ್ ಹೆಚ್ಚು ದಿನ ಬಾಳಲಿಲ್ಲ. 2005ರಲ್ಲಿ ಎಚ್‌ಪಿ ಅದನ್ನು ಕೊಂಡಿತು. ಆದರೆ ಅದು ತೋರಿದ ದಾರಿಯಲ್ಲಿ ದೊಡ್ಡವರೆಲ್ಲ ನಡೆದರು. 2002ರಲ್ಲಿ ಐಬಿಎಂನ 'ಬ್ಲೇಡ್‌ಸೆಂಟರ್' ಬಂತು. 7 ಯು ಎತ್ತರದಲ್ಲಿ 14 ಬ್ಲೇಡು. 2006ರಲ್ಲಿ ಎಚ್‌ಪಿಯ 'ಸಿ-ಕ್ಲಾಸ್', 2009ರಲ್ಲಿ ಸಿಸ್ಕೋದ 'ಯುಸಿಎಸ್' ಬಂದವು.

ಯಾವುದು ಸ್ವಂತ, ಯಾವುದು ಹಂಚಿಕೆ?

ಎಚ್‌ಪಿ ಕಂಪನಿಯ 'ಸಿ7000' ಎಂಬ ಪೆಟ್ಟಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಎತ್ತರ 10 ಯು, ಹದಿನೇಳೂವರೆ ಅಂಗುಲ. ಮುಂಭಾಗದಲ್ಲಿ ಅರ್ಧ ಎತ್ತರದ 16 ಬ್ಲೇಡುಗಳಿಗೆ ಅಥವಾ ಪೂರ್ಣ ಎತ್ತರದ 8 ಬ್ಲೇಡುಗಳಿಗೆ ಗೂಡುಗಳು.

ಪ್ರತಿ ಬ್ಲೇಡಿನ ಸ್ವಂತ ಆಸ್ತಿ ಎಂದರೆ ಪ್ರೊಸೆಸರು, ಮೆಮೊರಿ, ಒಂದೆರಡು ಪುಟ್ಟ ಡಿಸ್ಕು, ಹೊರಜಗತ್ತಿಗೆ ಸೇರಿಸುವ ಪುಟ್ಟ ಕಾರ್ಡುಗಳು. ಲೆಕ್ಕ ಮಾಡುವ, ನೆನಪಿಡುವ ಕೆಲಸ ಅವರವರದೇ. ಉಳಿದಿದ್ದೆಲ್ಲ ಮನೆತನದ ಸೊತ್ತು. ಕೆಳಗಡೆ ಎಲ್ಲರಿಗೂ ಸೇರಿ ಆರು ಪವರ್ ಸಪ್ಲೈ. ಹಿಂದೆ ಎಲ್ಲರಿಗೂ ಸೇರಿ ಹತ್ತು ಫ್ಯಾನು. ನೆಟ್‌ವರ್ಕ್ ಸ್ವಿಚ್ಚುಗಳಿಗಾಗಿ ಎಂಟು ಗೂಡು. ಇಡೀ ಸಂಸಾರ ನೋಡಿಕೊಳ್ಳಲು ಒಬ್ಬ ಯಜಮಾನ, ಅವನಿಗೆ ಕಾಯಿಲೆಯಾದರೆ ತಕ್ಷಣ ಅಧಿಕಾರ ವಹಿಸಿಕೊಳ್ಳಲು ಇನ್ನೊಬ್ಬ.

ಅಪ್ಪಟ ಅವಿಭಕ್ತ ಕುಟುಂಬವೇ ಸರಿ. ಅಡುಗೆಮನೆ ಒಂದು, ಬಾವಿ ಒಂದು, ಹೆಬ್ಬಾಗಿಲು ಒಂದು. ಮಲಗುವ ಕೋಣೆ ಮಾತ್ರ ಬೇರೆ ಬೇರೆ.

ಇವೆಲ್ಲ ಒಂದಕ್ಕೊಂದು ಕೂಡುವುದು ಪೆಟ್ಟಿಗೆಯ ನಡುವೆ ನಿಂತ ಒಂದು ಹಲಗೆಯಲ್ಲಿ. ಅದಕ್ಕೆ 'ಮಿಡ್‌ಪ್ಲೇನ್' ಎನ್ನುತ್ತಾರೆ. ಮುಂದಿನಿಂದ ಬ್ಲೇಡುಗಳು, ಹಿಂದಿನಿಂದ ಸ್ವಿಚ್ಚುಗಳು ಬಂದು ಇದಕ್ಕೆ ಕಚ್ಚಿಕೊಳ್ಳುತ್ತವೆ. ತಂತಿಯ ಜಾಗವನ್ನು ಈ ಹಲಗೆಯ ಮೇಲೆ ಅಚ್ಚಾದ ತಾಮ್ರದ ಗೆರೆಗಳೇ ತುಂಬುತ್ತವೆ. ವಿಶೇಷವೆಂದರೆ ಈ ಹಲಗೆಯಲ್ಲಿ ಬೇಕೆಂದೇ ಚಿಪ್ಪುಗಳನ್ನು ಇಡುವುದಿಲ್ಲ. ಬರೀ ಗೆರೆ, ಬರೀ ಕೊಂಡಿ. ಕೆಡುವಂಥದ್ದು ಇಲ್ಲದಿದ್ದರೆ ಕೆಡುವ ಭಯವೂ ಕಡಿಮೆ ಎಂಬ ಜಾಣತನ. ಬ್ಲೇಡನ್ನು ಬದಲಿಸಲು ಇಡೀ ಪೆಟ್ಟಿಗೆಯನ್ನು ಆರಿಸಬೇಕಿಲ್ಲ. ಉಳಿದ ಹದಿನೈದು ದುಡಿಯುತ್ತಿರುವಾಗಲೇ ಕೆಟ್ಟ ಒಂದನ್ನು ಎಳೆದು, ಹೊಸದನ್ನು ತಳ್ಳಿ, ಮುಂದಿನ ಹಿಡಿಯನ್ನು ಮಡಚಿದರಾಯಿತು.

ಕಾರ್ಡುಗಳನ್ನು ಚೌಕಟ್ಟಿಗೆ ಸಿಕ್ಕಿಸಿ ಯಂತ್ರ ಕಟ್ಟುವ ಈ ಪದ್ಧತಿ ಕರ್ನಾಟಕಕ್ಕೆ ಹೊಸದೇನಲ್ಲ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಲೈನಿನ ಟೆಲಿಫೋನ್ ಎಕ್ಸ್‌ಚೇಂಜು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಅದೂ ಸಿಕ್ಕಿಸುವ ಕಾರ್ಡುಗಳ ಯಂತ್ರವೇ. ಎ.ಸಿ. ಇಲ್ಲದ ಹಳ್ಳಿಯ ಕೋಣೆಯಲ್ಲಿ ಬದುಕಬಲ್ಲಂತೆ ಅದನ್ನು ಮಾಡಿದ್ದರು. ಕೆಟ್ಟರೆ ಕೆಟ್ಟ ಕಾರ್ಡನ್ನಷ್ಟೇ ಬದಲಿಸುವುದು. ಟೆಲಿಫೋನಿನವರು ಬಹುಕಾಲದಿಂದ ಬಲ್ಲ ಈ ವಿದ್ಯೆಯನ್ನೇ ಬ್ಲೇಡ್ ಸರ್ವರು ಕಂಪ್ಯೂಟರಿಗೆ ತಂದಿತು.

ಕೂಡಿ ಬಾಳುವ ಅಪಾಯ

ಕೂಡಿ ಬಾಳಿದರೆ ಸ್ವರ್ಗ ಸುಖವೇನೋ ನಿಜ. ಆದರೆ ಒಂದೇ ಬಾವಿ ಬತ್ತಿದರೆ ಮನೆಮಂದಿಗೆಲ್ಲ ಬಾಯಾರಿಕೆ. ಬೇರೆ ಬೇರೆ ಡಬ್ಬಗಳಿದ್ದಾಗ ಒಂದರ ಪವರ್ ಸಪ್ಲೈ ಸುಟ್ಟರೆ ಒಂದು ಸರ್ವರು ಮಾತ್ರ ನಿಲ್ಲುತ್ತಿತ್ತು. ಹಂಚಿಕೊಂಡ ಮೇಲೆ ಹದಿನಾರೂ ನಿಂತಾವು. ಹಾಗಾಗಿ ಬ್ಲೇಡಿನ ಪೆಟ್ಟಿಗೆಯಲ್ಲಿ ಹಂಚಿಕೊಳ್ಳುವ ಪ್ರತಿಯೊಂದು ಮುಖ್ಯ ವಸ್ತುವಿಗೂ ಜೋಡಿ ಇರಲೇಬೇಕು.

ಇದರಲ್ಲಿ ಎರಡು ಬಗೆ. ಬೇಕಾದ್ದಕ್ಕಿಂತ ಒಂದು ಹೆಚ್ಚು ಇಟ್ಟುಕೊಳ್ಳುವುದು ಮೊದಲನೆಯದು. ಬಂಡಿಗೆ ಒಂದು ಹೆಚ್ಚುವರಿ ಗಾಲಿ ಇದ್ದಂತೆ. ಎರಡನೆಯದು ಬೇಕಾದಷ್ಟಕ್ಕೆ ಇಮ್ಮಡಿ ಇಡುವುದು. ಆರು ಪವರ್ ಸಪ್ಲೈಗಳಲ್ಲಿ ಮೂರನ್ನು ಒಂದು ವಿದ್ಯುತ್ ಮಾರ್ಗಕ್ಕೆ, ಉಳಿದ ಮೂರನ್ನು ಬೇರೆಯೇ ಯುಪಿಎಸ್ ಇರುವ ಇನ್ನೊಂದು ಮಾರ್ಗಕ್ಕೆ ಜೋಡಿಸಿದರೆ, ಒಂದು ಮಾರ್ಗ ಪೂರ್ತಿ ಸತ್ತರೂ ಪೆಟ್ಟಿಗೆ ಬದುಕುತ್ತದೆ.

ಪಿಯುಸಿಯಲ್ಲಿ ಸಂಭವನೀಯತೆ ಓದಿದವರಿಗೆ ಇದರ ಲೆಕ್ಕ ಸುಲಭ. ಒಂದು ಮಾರ್ಗ ಯಾವುದಾದರೂ ಗಳಿಗೆಯಲ್ಲಿ ಕೆಟ್ಟಿರುವ ಸಂಭವ ನೂರರಲ್ಲಿ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವ ನೂರರ ನೂರನೆಯ ಒಂದು ಪಾಲು, ಅಂದರೆ ಹತ್ತು ಸಾವಿರದಲ್ಲಿ ಒಂದು. ಆದರೆ ಪುಸ್ತಕದಲ್ಲಿ ಈ ಸೂತ್ರದ ಪಕ್ಕದಲ್ಲೇ ಒಂದು ಷರತ್ತು ಇರುತ್ತದೆ: ಎರಡು ಘಟನೆಗಳೂ ಒಂದನ್ನೊಂದು ಅವಲಂಬಿಸಿರಬಾರದು. ಪರೀಕ್ಷೆಯಲ್ಲಿ ಈ ಷರತ್ತನ್ನು ಮರೆತರೆ ಎರಡು ಅಂಕ ಹೋದೀತು. ಸರ್ವರ್ ಕೋಣೆಯಲ್ಲಿ ಮರೆತು ಎರಡೂ ಮಾರ್ಗಗಳನ್ನು ಒಂದೇ ಯುಪಿಎಸ್‌ಗೆ ಸಿಕ್ಕಿಸಿದರೆ ಆ ಹತ್ತು ಸಾವಿರ ಮತ್ತೆ ನೂರಕ್ಕೆ ಇಳಿಯುತ್ತದೆ. ದುಡ್ಡು ಮಾತ್ರ ಎರಡಕ್ಕೂ ಕೊಟ್ಟಿರುತ್ತಾರೆ. ಜೋಡಿ ಇಟ್ಟರಷ್ಟೇ ಸಾಲದು, ಆ ಜೋಡಿಗಳು ನಿಜಕ್ಕೂ ಬೇರೆ ಬೇರೆ ಮೂಲದವೇ ಎಂದು ನೋಡಬೇಕು.

ಬೀರುವಿನೊಳಗೆ ಹತ್ತು ಗೀಸರ್

ಸರ್ವರು ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಲೇಬೇಕು. ತುಂಬಿದ ಪೆಟ್ಟಿಗೆಯೊಂದು 5 ಕಿಲೋವಾಟ್ ಬಳಸುತ್ತದೆ ಎಂದುಕೊಂಡರೆ, ಒಂದು ರ‍್ಯಾಕಿನಲ್ಲಿ ಇಂಥ ನಾಲ್ಕು ಪೆಟ್ಟಿಗೆ, ಒಟ್ಟು 20 ಕಿಲೋವಾಟ್. ಬಚ್ಚಲುಮನೆಯ ಗೀಸರು 2 ಕಿಲೋವಾಟಿನದು. ಒಂದು ಬಟ್ಟೆ ಬೀರುವಿನಷ್ಟು ಜಾಗದಲ್ಲಿ ಹತ್ತು ಗೀಸರು ಹಗಲು ರಾತ್ರಿ ಉರಿಯುತ್ತಿದ್ದರೆ ಹೇಗಿದ್ದೀತು? ಒಂದು ಟನ್ನಿನ ಎ.ಸಿ. ಹೊರಹಾಕಬಲ್ಲದ್ದು ಸುಮಾರು 3.5 ಕಿಲೋವಾಟ್ ಶಾಖ. ಅಂದರೆ ಈ ಒಂದೇ ಬೀರುವಿಗೆ ಆರು ಟನ್ ಎ.ಸಿ. ಬೇಕು. ಎ.ಸಿ. ನಿಂತರೆ ಕೋಣೆ ಕಾದು ಸರ್ವರುಗಳು ತಾವಾಗಿಯೇ ಆರಲು ಹೆಚ್ಚು ಹೊತ್ತು ಬೇಕಿಲ್ಲ. ತೂಕವೂ ಕಡಿಮೆಯಲ್ಲ. ತುಂಬಿದ ಪೆಟ್ಟಿಗೆ ಇನ್ನೂರು ಕಿಲೋ ದಾಟುತ್ತದೆ. ಹಳೆಯ ಕಟ್ಟಡದ ಮಹಡಿಯ ಮೇಲೆ ಇಡುವ ಮುನ್ನ ಸಿವಿಲ್ ಎಂಜಿನಿಯರನ್ನೂ ಕೇಳಬೇಕು.

ಬಿಸಿಯನ್ನು ಹೊರಗೆಳೆಯುವ ಫ್ಯಾನುಗಳಿಗಾಗಿ ಎಚ್‌ಪಿ ಎಂಜಿನಿಯರುಗಳು ಹವ್ಯಾಸಿಗಳು ಹಾರಿಸುವ ಮಾದರಿ ಜೆಟ್ ವಿಮಾನಗಳ ಫ್ಯಾನಿನಿಂದ ಸ್ಫೂರ್ತಿ ಪಡೆದರು. ಹತ್ತು ದೊಡ್ಡ ಫ್ಯಾನುಗಳು ಹಂಚಿಕೊಂಡು ದುಡಿಯುವುದರಲ್ಲಿ ಒಂದು ಭೌತಶಾಸ್ತ್ರದ ಲಾಭವಿದೆ. ಫ್ಯಾನು ತಿನ್ನುವ ವಿದ್ಯುತ್ತು ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಶೇಕಡಾ 20ರಷ್ಟು ಇಳಿಸಿದರೆ ವಿದ್ಯುತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ (0.8ರ ಘನ 0.512). ಹಾಗಾಗಿ ನಾಲ್ಕು ಫ್ಯಾನನ್ನು ಓಡೋಡಿಸುವುದಕ್ಕಿಂತ ಹತ್ತು ಫ್ಯಾನನ್ನು ನಿಧಾನವಾಗಿ ತಿರುಗಿಸುವುದೇ ಅಗ್ಗ.

ಇನ್ನೊಂದು ಸಣ್ಣ ಸಂಗತಿ. ಪೆಟ್ಟಿಗೆಯಲ್ಲಿ ಬ್ಲೇಡಿಲ್ಲದ ಗೂಡನ್ನು ತೆರೆದು ಬಿಡಬಾರದು. ಅಲ್ಲಿ ಖಾಲಿ ಮುಚ್ಚಳ ಹಾಕಲೇಬೇಕು. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ತೆರೆದ ಗೂಡಿನಿಂದ ನುಗ್ಗಿ ಹೋದ ಗಾಳಿ ದುಡಿಯುವ ಬ್ಲೇಡುಗಳನ್ನು ಮುಟ್ಟುವುದೇ ಇಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಆಯಸ್ಸು ಒಂದು ತಗಡಿನ ಮುಚ್ಚಳವನ್ನೂ ಅವಲಂಬಿಸಿರುತ್ತದೆ.

ಯಜಮಾನನ ಕಣ್ಣು

ಹಂಚಿಕೊಂಡ ಸಂಸಾರ ನಡೆಯುವುದು ಒಳ್ಳೆಯ ಯಜಮಾನಿಕೆಯಿಂದ. ಬ್ಲೇಡ್ ಸರ್ವರಿನ ನಿಜವಾದ ಹೆಚ್ಚುಗಾರಿಕೆ ಇರುವುದೂ ಇಲ್ಲಿಯೇ.

ಹೊಸ ಬ್ಲೇಡನ್ನು ಐದನೆಯ ಗೂಡಿಗೆ ತಳ್ಳಿದರು ಎಂದುಕೊಳ್ಳಿ. ಅದು ತಕ್ಷಣ ಚಾಲೂ ಆಗುವುದಿಲ್ಲ. ಮೊದಲು ಯಜಮಾನ ಘಟಕ ಅದರ ಮಾದರಿ, ಕ್ರಮಸಂಖ್ಯೆಗಳನ್ನು ಓದುತ್ತದೆ. ಬ್ಲೇಡಿನಲ್ಲಿರುವ ಕಾರ್ಡಿಗೂ ಹಿಂದಿನ ಗೂಡಿನ ಸ್ವಿಚ್ಚಿಗೂ ಹೊಂದಾಣಿಕೆ ಇದೆಯೇ ಎಂದು ತಾಳೆ ನೋಡುತ್ತದೆ. ಇನ್ನೊಂದು ಬ್ಲೇಡಿಗೆ ಊಟ ಹಾಕುವಷ್ಟು ವಿದ್ಯುತ್ತು ಉಳಿದಿದೆಯೇ, ಒಂದು ಮಾರ್ಗ ಸತ್ತರೂ ನಿಭಾಯಿಸಲಾದೀತೇ ಎಂದು ಕೂಡಿ ಕಳೆಯುತ್ತದೆ. ಎಲ್ಲ ಸರಿಯಿದ್ದರೆ ಮಾತ್ರ ಅಪ್ಪಣೆ. ಇಲ್ಲವಾದರೆ ಬಾಗಿಲಲ್ಲೇ ತಡೆ. ಆಮೇಲೂ ಎಲ್ಲಿ ಬಿಸಿ ಹೆಚ್ಚಿದೆಯೋ ಆ ಭಾಗದ ಫ್ಯಾನುಗಳನ್ನು ಮಾತ್ರ ಜೋರಾಗಿಸುವುದು, ವಿದ್ಯುತ್ ಬಳಕೆಗೆ ಮಿತಿ ಹಾಕುವುದು, ಕೆಲಸ ಕಡಿಮೆಯಿದ್ದಾಗ ಕೆಲವು ಪವರ್ ಸಪ್ಲೈಗಳಿಗೆ ವಿಶ್ರಾಂತಿ ಕೊಡುವುದು ಅದರ ನಿತ್ಯಕರ್ಮ.

ಇದಲ್ಲದೆ ಪ್ರತಿ ಬ್ಲೇಡಿನೊಳಗೂ ಒಂದು ಪುಟ್ಟ ಕಾವಲುಗಾರ ಕಂಪ್ಯೂಟರ್ ಇರುತ್ತದೆ. ಮುಖ್ಯ ಸರ್ವರು ಆರಿದ್ದರೂ ಇದು ಎಚ್ಚರವಾಗಿರುತ್ತದೆ. ಇದಕ್ಕೆ ತನ್ನದೇ ಪ್ರೊಸೆಸರು, ತನ್ನದೇ ನೆಟ್‌ವರ್ಕ್ ದಾರಿ. ಎಚ್‌ಪಿಯಲ್ಲಿ ಇದರ ಹೆಸರು 'ಐಎಲ್‌ಒ', ಡೆಲ್ ಕಂಪನಿಯಲ್ಲಿ 'ಐಡ್ರ್ಯಾಕ್'. ಐಎಲ್‌ಒ ಎಂಬುದರ ವಿಸ್ತಾರದಲ್ಲಿ 'ದೀಪ ಆರಿದ' ಎಂಬ ಅರ್ಥದ ಪದವಿದೆ. ಮನುಷ್ಯರೇ ಇಲ್ಲದ ಕೋಣೆಯಲ್ಲಿ ದೀಪವೇಕೆ ಎಂಬುದು ಅದರ ತಾತ್ಪರ್ಯ.

ಈ ಕಾವಲುಗಾರನಿಂದ ಏನೇನು ಸಾಧ್ಯ? ನೂರಾರು ಮೈಲಿ ದೂರದಿಂದ ಸರ್ವರನ್ನು ಚಾಲೂ ಮಾಡಬಹುದು, ಆರಿಸಬಹುದು. ಅದು ಮೇಲೇಳುವಾಗ ಪರದೆಯ ಮೇಲೆ ಮೂಡುವ ಅಕ್ಷರಗಳನ್ನು ಮನೆಯಲ್ಲಿ ಕೂತು ಓದಬಹುದು. ತನ್ನ ಕೈಯಲ್ಲಿರುವ ಡಿಸ್ಕಿನ ಪ್ರತಿಯನ್ನು ದೂರದ ಸರ್ವರಿಗೆ 'ಇಗೋ ಇದು ನಿನ್ನದೇ ಡಿಸ್ಕು' ಎಂದು ನಂಬಿಸಿ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ಉಷ್ಣತೆ, ವೋಲ್ಟೇಜು, ಫ್ಯಾನಿನ ವೇಗಗಳ ದಿನಚರಿ ತೆಗೆದು ನೋಡಬಹುದು.

ಸರ್ವರಿನ ಮೆಮೊರಿಗೆ ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯಿರುತ್ತದೆ. ಏಳನೆಯ ಬ್ಲೇಡಿನ ಮೆಮೊರಿ ಪಟ್ಟಿಯೊಂದು ಪದೇ ಪದೇ ತಪ್ಪಿ, ತಿದ್ದಿಕೊಳ್ಳುತ್ತಿದ್ದರೆ ಬಳಕೆದಾರರಿಗೆ ಏನೂ ಗೊತ್ತಾಗುವುದಿಲ್ಲ. ಕಾವಲುಗಾರ ಮಾತ್ರ ಎಣಿಸುತ್ತಿರುತ್ತಾನೆ. ಎಣಿಕೆ ಮಿತಿ ಮೀರಿದೊಡನೆ ಎಂಜಿನಿಯರಿಗೆ ಸಂದೇಶ ಹೋಗುತ್ತದೆ. ಆತ ಅಥವಾ ಆಕೆ ಆ ಬ್ಲೇಡಿನ ಕೆಲಸವನ್ನೆಲ್ಲ ಪಕ್ಕದ ಬ್ಲೇಡಿಗೆ ಸಾಗಿಸಿ, ಕೆಟ್ಟದ್ದರ ಮುಂದಿರುವ ಪುಟ್ಟ ನೀಲಿ ದೀಪವನ್ನು ದೂರದಿಂದಲೇ ಬೆಳಗಿಸುತ್ತಾರೆ. ಬೆಳಿಗ್ಗೆ ಸ್ಥಳಕ್ಕೆ ಹೋಗುವ ಸಹಾಯಕ ನೀಲಿ ದೀಪದ ಬ್ಲೇಡನ್ನೇ ಎಳೆಯಬೇಕು. ಹದಿನಾರು ಒಂದೇ ತರಹದ ಬ್ಲೇಡುಗಳ ಸಾಲಿನಲ್ಲಿ ಆರನೆಯದನ್ನು ಎಳೆದರೆ ಆಗುವ ಅನಾಹುತವನ್ನು ಆ ಚಿಕ್ಕ ದೀಪ ತಪ್ಪಿಸುತ್ತದೆ.

ಇನ್ನೊಂದು ಜಾಣ ಉಪಾಯ 'ಪ್ರೊಫೈಲ್'. ನೆಟ್‌ವರ್ಕಿನಲ್ಲಿ ಪ್ರತಿ ಸರ್ವರಿಗೂ ಹುಟ್ಟಿನಿಂದ ಬಂದ ಗುರುತಿನ ಸಂಖ್ಯೆಗಳಿರುತ್ತವೆ. ಸರ್ವರು ಬದಲಾದರೆ ಸಂಖ್ಯೆಯೂ ಬದಲಾಗಿ, ಅದನ್ನು ನಂಬಿದ್ದವರೆಲ್ಲ ದಾಖಲೆ ತಿದ್ದಿಕೊಳ್ಳಬೇಕಾಗುತ್ತಿತ್ತು. ಎಚ್‌ಪಿಯ 'ವರ್ಚುಯಲ್ ಕನೆಕ್ಟ್', ಸಿಸ್ಕೋದ ಯುಸಿಎಸ್‌ಗಳಲ್ಲಿ ಈ ಗುರುತನ್ನು ಯಂತ್ರಕ್ಕೆ ಕಟ್ಟಿಹಾಕದೆ, ಪ್ರೊಫೈಲಿನಲ್ಲಿ ಬರೆದಿಟ್ಟರು. ಹೊಸ ಬ್ಲೇಡು ಆ ಪ್ರೊಫೈಲನ್ನು ತೊಟ್ಟೊಡನೆ ಹಳೆಯದರ ಗುರುತೆಲ್ಲ ಅದಕ್ಕೆ ಬರುತ್ತದೆ. ಕುರ್ಚಿಯಲ್ಲಿ ಕೂರುವ ಅಧಿಕಾರಿ ಬದಲಾದರೂ ಮೊಹರು ಬದಲಾಗದಂತೆ.

ಬೇಲಿಯೇ ಎದ್ದು ಹೊಲ ಮೇಯ್ದರೆ

ಇಷ್ಟು ಅಧಿಕಾರವಿರುವ ಕಾವಲುಗಾರ ಕಳ್ಳರೊಡನೆ ಕೈಜೋಡಿಸಿದರೆ? ಎಚ್‌ಪಿಇ ಕಂಪನಿಯ ಐಎಲ್‌ಒ-4ರಲ್ಲಿದ್ದ ಒಂದು ಲೋಪವನ್ನು 2017ರಲ್ಲಿ ಸರಿಪಡಿಸಲಾಯಿತು. ಅದರ ವಿವರ ಬಯಲಾದಾಗ ತಜ್ಞರೇ ಬೆಚ್ಚಿದರು. ಕೋರಿಕೆಯ ಒಂದು ಸಾಲಿನಲ್ಲಿ 'ಎ' ಅಕ್ಷರವನ್ನು 29 ಸಲ ಬರೆದು ಕಳಿಸಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಹೋಗಬಹುದಿತ್ತು! ಬರುವ ಅಕ್ಷರಗಳಿಗೆ ಗೊತ್ತುಮಾಡಿದ್ದ ಜಾಗ ಸಾಲದೆ ತುಂಬಿ ಹರಿದದ್ದೇ ಕಾರಣ. 'ಸಿ' ಭಾಷೆ ಕಲಿಯುವ ಪ್ರತಿ ವಿದ್ಯಾರ್ಥಿಗೂ ಅಧ್ಯಾಪಕರು ಹೇಳುವ ಎಚ್ಚರಿಕೆ ಇದು.

ಆದ್ದರಿಂದಲೇ ನಿರ್ವಹಣೆಯ ದಾರಿಯನ್ನು ಸಾರ್ವಜನಿಕ ಇಂಟರ್‌ನೆಟ್ಟಿಗೆ ಎಂದೂ ತೆರೆದಿಡಬಾರದು. ಅದಕ್ಕೆ ಪ್ರತ್ಯೇಕ ನೆಟ್‌ವರ್ಕ್ ಇರಬೇಕು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಕಾವಲುಗಾರನ ಸಾಫ್ಟ್‌ವೇರನ್ನು ಕಾಲಕಾಲಕ್ಕೆ ಹೊಸದಾಗಿಸಬೇಕು. ಮುಂಬಾಗಿಲಿಗೆ ಏಳು ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಡುವ ಮನೆಗಳು ಕಂಪ್ಯೂಟರ್ ಲೋಕದಲ್ಲಿ ಬೇಕಾದಷ್ಟಿವೆ.

ಚರ್ಚಿನಿಂದ ಪುಣೆಯವರೆಗೆ

ಬ್ಲೇಡುಗಳು ಕಚೇರಿಗಷ್ಟೇ ಸೀಮಿತವಾಗಲಿಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ ಟೊರ್ರೆ ಜಿರೋನಾ ಎಂಬ ಹಳೆಯ ಪ್ರಾರ್ಥನಾ ಮಂದಿರದೊಳಗೆ ಗಾಜಿನ ಗೋಡೆ ಕಟ್ಟಿ, ಅದರಲ್ಲಿ ಐಬಿಎಂ ಬ್ಲೇಡುಗಳ 'ಮರೆನೋಸ್ಟ್ರಂ' ಯಂತ್ರವನ್ನು ನಿಲ್ಲಿಸಿದರು. 2004ರ ನವೆಂಬರಿನ ಪಟ್ಟಿಯಲ್ಲಿ ಅದು ಜಗತ್ತಿನ ನಾಲ್ಕನೆಯ ಅತಿ ವೇಗದ ಕಂಪ್ಯೂಟರ್. ಸರಿಯಾಗಿ ಮೂರು ವರ್ಷದ ಮೇಲೆ, 2007ರ ನವೆಂಬರಿನಲ್ಲಿ ಅದೇ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಪುಣೆಯ 'ಏಕ'. ಟಾಟಾ ಸಮೂಹದ ಕಂಪ್ಯುಟೇಷನಲ್ ರಿಸರ್ಚ್ ಲ್ಯಾಬೊರೇಟರೀಸ್ ಅದನ್ನು ಕಟ್ಟಿದ್ದು ಎಚ್‌ಪಿಯ ಸುಮಾರು 1,800 ಸಿ-ಕ್ಲಾಸ್ ಬ್ಲೇಡುಗಳಿಂದ. ವೇಗ 117.9 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 118 ಲಕ್ಷ ಕೋಟಿ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿಸಿದ 'ಸಹಸ್ರ-ಟಿ' ಕ್ರೇ ಕಂಪನಿಯ ಎಕ್ಸ್‌ಸಿ40 ಯಂತ್ರ. ಅದರ ಒಂದೊಂದು ಬ್ಲೇಡಿನಲ್ಲೂ ನಾಲ್ಕು ಕಂಪ್ಯೂಟರುಗಳು. ಆ ವರ್ಷದ ಜೂನಿನ ಪಟ್ಟಿಯಲ್ಲಿ ಅದಕ್ಕೆ 79ನೆಯ ಸ್ಥಾನ. 2022ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಎಕ್ಸಾಫ್ಲಾಪ್ ಗಡಿ ದಾಟಿದ 'ಫ್ರಾಂಟಿಯರ್' ಕೂಡ ಬ್ಲೇಡುಗಳದ್ದೇ. ಅದರ ಬ್ಲೇಡುಗಳಿಗೆ ಫ್ಯಾನಿಲ್ಲ. ಕೊಳವೆಯಲ್ಲಿ ಹರಿಯುವ ದ್ರವವೇ ತಂಪು.

ಹಾಗೆಂದು ಎಲ್ಲರಿಗೂ ಬ್ಲೇಡೇ ಬೇಕೆಂದಿಲ್ಲ. ಪೆಟ್ಟಿಗೆ ಒಂದು ಕಂಪನಿಯದಾದರೆ ಬ್ಲೇಡೂ ಅದೇ ಕಂಪನಿಯದು, ಸ್ವಿಚ್ಚೂ ಅದಕ್ಕೆ ಹೊಂದುವಂಥದೇ ಆಗಬೇಕು. ಹೆಣ್ಣು ಕೊಟ್ಟ ಮೇಲೆ ಬೀಗತನ ಬಿಡುವಂತಿಲ್ಲ. ಮೂರೋ ನಾಲ್ಕೋ ಸರ್ವರು ಸಾಕಾಗುವ ಕಾಲೇಜು ಹದಿನಾರು ಗೂಡಿನ ಪೆಟ್ಟಿಗೆ ಕೊಂಡರೆ ಖಾಲಿ ಗೂಡುಗಳಿಗೂ ದುಡ್ಡು ತೆತ್ತಂತೆ. ಫೇಸ್‌ಬುಕ್ 2011ರಲ್ಲಿ ಆರಂಭಿಸಿದ 'ಓಪನ್ ಕಂಪ್ಯೂಟ್' ಯೋಜನೆ ಇದಕ್ಕೆ ಬೇರೆ ದಾರಿ ಹುಡುಕಿತು. ಅದರ ರ‍್ಯಾಕಿನಲ್ಲಿ ಇಡೀ ಬೀರುವಿಗೇ ವಿದ್ಯುತ್ ವ್ಯವಸ್ಥೆ ಒಂದು, ನಕ್ಷೆಗಳು ಎಲ್ಲರಿಗೂ ಮುಕ್ತ. 2024ರಲ್ಲಿ ಎನ್‌ವಿಡಿಯಾ ಪ್ರಕಟಿಸಿದ 'ಎನ್‌ವಿಎಲ್72' ರ‍್ಯಾಕು ಕೃತಕ ಬುದ್ಧಿಮತ್ತೆಗಾಗಿ 72 ಚಿಪ್ಪುಗಳನ್ನು ಒಂದೇ ಬೀರುವಿನಲ್ಲಿ ಕೂಡಿಸುತ್ತದೆ. ಬಳಕೆ ಸುಮಾರು 120 ಕಿಲೋವಾಟ್, ಅರವತ್ತು ಗೀಸರು! ಪೆಟ್ಟಿಗೆಯಷ್ಟಿದ್ದ ಅವಿಭಕ್ತ ಕುಟುಂಬ ಬೀರುವಿನಷ್ಟು ಬೆಳೆದಿದೆ.

ಕಲಿಯುವುದು ಹೇಗೆ?

ಇಂಥ ಯಂತ್ರ ಪ್ರತಿ ಕಾಲೇಜಿನಲ್ಲೂ ಇರುವುದಿಲ್ಲ. ಅದಕ್ಕಾಗಿ ಲಕ್ಷಗಟ್ಟಲೆ ಶುಲ್ಕದ ಕೋರ್ಸಿಗೆ ಸೇರಬೇಕೆಂದು ತಂದೆತಾಯಂದಿರು ಗಾಬರಿಯಾಗಬೇಕಿಲ್ಲ. ಒಂದೆರಡು ಹಳೆಯ ಕಂಪ್ಯೂಟರು, ಒಂದು ಅಗ್ಗದ ಸ್ವಿಚ್ಚು ಸಾಕು. ಪರದೆ, ಕೀಲಿಮಣೆ ಕಿತ್ತಿಟ್ಟು, ಲಿನಕ್ಸ್ ಹಾಕಿದ ಕಂಪ್ಯೂಟರನ್ನು ಪಕ್ಕದ ಕೋಣೆಯಿಂದ ಆಳಲು ಕಲಿಯುವುದು ಮೊದಲ ಪಾಠ. ಆರಿದ ಕಂಪ್ಯೂಟರನ್ನು ನೆಟ್‌ವರ್ಕಿನ ಮೂಲಕ ಎಬ್ಬಿಸುವುದು ಎರಡನೆಯದು. ಸರ್ವರುಗಳ ನಿರ್ವಹಣೆಗೆ 1998ರಲ್ಲಿ 'ಐಪಿಎಂಐ' ಎಂಬ ಸಾಮಾನ್ಯ ಭಾಷೆ ರೂಪುಗೊಂಡಿತು. 2015ರಲ್ಲಿ 'ರೆಡ್‌ಫಿಶ್' ಎಂಬ ಹೊಸ ಭಾಷೆ ಬಂತು. ವೆಬ್ ಪುಟ ತರಿಸುವ ವಿಧಾನದಲ್ಲೇ ಇದು ಸರ್ವರಿನ ಆರೋಗ್ಯವನ್ನು ಕೇಳುತ್ತದೆ. ಪೈಥಾನ್ ಬಲ್ಲ ಪಿಯುಸಿ ವಿದ್ಯಾರ್ಥಿಯೂ ಹತ್ತಿಪ್ಪತ್ತು ಸಾಲು ಬರೆದು ಪ್ರಯೋಗ ಮಾಡಬಹುದು. ನಿಜವಾದ ಸರ್ವರಿಲ್ಲದವರಿಗಾಗಿ ಅದರ ಅಣಕು ಸರ್ವರನ್ನು ರೆಡ್‌ಫಿಶ್ ರೂಪಿಸಿದ ಡಿಎಂಟಿಎಫ್ ಸಂಸ್ಥೆಯೇ ಉಚಿತವಾಗಿ ಒದಗಿಸಿದೆ.

ಒಂದು ಕಂಪನಿಯ ಪರದೆಯಲ್ಲಿ ಯಾವ ಗುಂಡಿ ಎಲ್ಲಿದೆಯೆಂದು ಬಾಯಿಪಾಠ ಮಾಡಿದವರ ವಿದ್ಯೆ ಆ ಯಂತ್ರ ಮಾರುಕಟ್ಟೆಯಲ್ಲಿರುವವರೆಗೆ ಮಾತ್ರ. ಐಬಿಎಂನ ಬ್ಲೇಡ್‌ಸೆಂಟರ್ ಪರಿಣತರು 2014ರಲ್ಲಿ ಆ ವ್ಯವಹಾರವೇ ಲೆನೊವೊಗೆ ಮಾರಾಟವಾದದ್ದನ್ನು ಕಂಡರು. ಆದರೆ ವಿದ್ಯುತ್ತು, ಶಾಖ, ಗಾಳಿ, ಸಂಭವನೀಯತೆ, ಕಾವಲುಗಾರನ ಕೀಲಿಕೈ ಇವುಗಳ ಲೆಕ್ಕ ಬಲ್ಲವರಿಗೆ ಬ್ಲೇಡು ಹೋಗಿ ಇನ್ನೇನು ಬಂದರೂ ಕೆಲಸವಿದೆ. ಯಾವ ಯಂತ್ರದ ಮುಂದೆ ನಿಂತರೂ ಅಂಥವರು ಕೇಳುವುದು ಎರಡೇ ಪ್ರಶ್ನೆ: ಇಲ್ಲಿ ಎಲ್ಲರೂ ಹಂಚಿಕೊಂಡಿರುವುದು ಏನನ್ನು? ಅದು ಇವತ್ತು ರಾತ್ರಿ ಕೆಟ್ಟರೆ ಬದಲಿ ಏನಿದೆ? ಈ ಎರಡಕ್ಕೆ ಉತ್ತರ ಸಿದ್ಧವಿರುವ ಊರಿನಲ್ಲಿ ಫಲಿತಾಂಶ ನೋಡುವ ಮಕ್ಕಳಿಗೆ ಅಂಕಗಳ ಭಯ ಇದ್ದೀತು, ಸರ್ವರಿನ ಭಯ ಇರಲಾರದು.